ಹೊಸ ಆಟಕ್ಕೆ ಹಳೆಯ ಕೈಪಿಡಿ

1982ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಮಾರ್ಟಿನ್ ಏಮಿಸ್ ‘ಇನ್ವೇಷನ್ ಆಫ್ ದ ಸ್ಪೇಸ್ ಇನ್ವೇಡರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ನಾಣ್ಯ ಹಾಕಿ ಆಡುವ ವಿಡಿಯೋ ಯಂತ್ರಗಳಲ್ಲಿ ಹೆಚ್ಚು ಅಂಕ ಗಳಿಸುವ ಬಗೆಯನ್ನು ಹೇಳುವ ಕೈಪಿಡಿಯದು. ಮುನ್ನುಡಿ ಚಲನಚಿತ್ರ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅವರದು. ದಶಕಗಳ ಕಾಲ ಅಲಭ್ಯವಾಗಿದ್ದ ಆ ಪುಸ್ತಕ 2018ರಲ್ಲಿ ಮರುಮುದ್ರಣ ಕಂಡಾಗ, ಅದು ವಿವರಿಸುವ ಯಂತ್ರಗಳಲ್ಲಿ ಬಹುಪಾಲು ಸಾರ್ವಜನಿಕ ಬದುಕಿನಿಂದ ಮರೆಯಾಗಿದ್ದವು. ಆಟ ಹೋಗಿ ಕೈಪಿಡಿ ಉಳಿದಿತ್ತು. ಉಪಯೋಗಕ್ಕೆಂದೇ ಬರೆದ ಗದ್ಯವೊಂದು ಉಪಯೋಗವನ್ನು ಕಳೆದುಕೊಂಡ ಮೇಲೂ ಓದಿಸಿಕೊಳ್ಳುವುದಾದರೆ ಅದರಲ್ಲಿ ಉಳಿಯುವುದೇನು? ಈ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳುವುದು ಹೆಚ್ಚು ಫಲಕಾರಿ. ಒಂದು ಆಟಕ್ಕೆ ಕೈಪಿಡಿ ಬರೆದು ಪಳಗಿದವರು ಹೊಸ ಆಟಕ್ಕೆ ಕೈಹಾಕಿದಾಗ ಜೊತೆಗೆ ಒಯ್ಯಬಹುದಾದದ್ದೇನು, ಇಲ್ಲಿಯೇ ಬಿಟ್ಟು ಹೋಗಬೇಕಾದದ್ದೇನು?

ಈ ಪ್ರಕಾರವನ್ನು ಸಾಹಿತ್ಯ ವಿಮರ್ಶೆ ಕಡೆಗಣಿಸಿದ್ದಕ್ಕೆ ಓದುಗರ ಕೊರತೆ ಕಾರಣವಲ್ಲ. ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಕೈಪಿಡಿ 1985ರಲ್ಲಿ ಜಪಾನಿನ ಅತ್ಯಧಿಕ ಮಾರಾಟದ ಪುಸ್ತಕವೆನಿಸಿತ್ತು. ಅಮೆರಿಕದಲ್ಲಿ ಪ್ರೈಮಾ, ಬ್ರೇಡಿಗೇಮ್ಸ್‌ನಂತಹ ಪ್ರಕಾಶನಗಳು ಇದನ್ನೇ ಉದ್ಯಮವಾಗಿ ಬೆಳೆಸಿದವು. 1995ರಲ್ಲಿ ಆರಂಭವಾದ ಗೇಮ್‌ಫ್ಯಾಕ್ಸ್ ಎಂಬ ಜಾಲತಾಣದಲ್ಲಿ ಗುಪ್ತನಾಮದ ಲೇಖಕರು ಚಿತ್ರವಿಲ್ಲದ, ಬಣ್ಣವಿಲ್ಲದ, ಬರಿಯ ಅಕ್ಷರಗಳ ಕೈಪಿಡಿಗಳನ್ನು ಬರೆದರು. ಸಾಲಿಗೆ ಎಂಬತ್ತಕ್ಕೆ ಮೀರದ ಅಕ್ಷರಗಳು. ಅಡ್ಡಗೆರೆ, ನಿಲುಗೆರೆ, ಚುಕ್ಕಿಗಳನ್ನು ಜೋಡಿಸಿ ಬಿಡಿಸಿದ ಭೂಪಟಗಳು. ಅನೇಕ ಕಡತಗಳ ತಲೆಯಲ್ಲಿ ಪರಿಷ್ಕರಣೆಯ ಚರಿತ್ರೆ: ಯಾವ ದಿನ ಯಾವ ತಪ್ಪನ್ನು ತಿದ್ದಲಾಯಿತು, ಯಾವ ಓದುಗ ಅದನ್ನು ತೋರಿಸಿಕೊಟ್ಟ ಎಂಬ ವಿವರ. ತನ್ನ ಪಾಠಾಂತರಗಳನ್ನು ತಾನೇ ದಾಖಲಿಸಿಕೊಳ್ಳುವ ಇಂತಹ ಪಠ್ಯಗಳು ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಅಪರೂಪದ ಸಾಮಗ್ರಿ.

ಈ ಗದ್ಯದ ವ್ಯಾಕರಣವೂ ವಿಶಿಷ್ಟವಾದುದು. ಅದು ಮಧ್ಯಮ ಪುರುಷದಲ್ಲಿ, ವಿಧ್ಯರ್ಥದಲ್ಲಿ ನಡೆಯುತ್ತದೆ: ಎಡಕ್ಕೆ ಹೋಗು, ಕಾಯು, ಈಗ ಹೊಡೆ. ಬರೆದವನು ಆ ದಾರಿಯಲ್ಲಿ ಈಗಾಗಲೇ ಸೋತು, ಕಲಿತು, ಗೆದ್ದಿದ್ದಾನೆ. ಓದುವವನಿಗೆ ಅದೆಲ್ಲ ಇನ್ನೂ ಮುಂದಿದೆ. ಒಬ್ಬರ ಭೂತಕಾಲ ಮತ್ತೊಬ್ಬರ ಭವಿಷ್ಯತ್ಕಾಲವಾಗುವ ಈ ಸಂಧಿಯಲ್ಲಿಯೇ ಕೈಪಿಡಿಯ ನೈತಿಕ ಹೊಣೆ ಇದೆ. ತನ್ನ ಅಭ್ಯಾಸವನ್ನು ಆಟದ ನಿಯಮವೆಂದು ತಪ್ಪಾಗಿ ತಿಳಿದು ಬರೆದರೆ ದಾರಿ ತಪ್ಪುವವನು ಓದುಗ. ಒಂದು ಆಟದಲ್ಲಿಯೇ ನೆಲೆಸಿರುವವರೆಗೆ ಅಭ್ಯಾಸ ಯಾವುದು, ನಿಯಮ ಯಾವುದು ಎಂಬ ಭೇದ ಲೇಖಕನಿಗೇ ತಿಳಿಯದು. ಆಟ ಬದಲಾದಾಗ ಅದು ಬಯಲಾಗುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ, ಹಿಡೆಟಾಕಾ ಮಿಯಾಝಾಕಿ ನಿರ್ದೇಶನದ ಆಟಗಳಲ್ಲಿದೆ. ‘ಡಾರ್ಕ್ ಸೋಲ್ಸ್’ (2011) ಆಟಗಾರನಿಗೆ ವಿವರಣೆ ಕೊಡುವುದರಲ್ಲಿ ಕುಪ್ರಸಿದ್ಧವಾದ ಜಿಪುಣ. ಆದ್ದರಿಂದಲೇ ಕೈಪಿಡಿಕಾರರಿಗೆ ಅದು ಫಲವತ್ತಾದ ನೆಲ. ಅದರ ಸುತ್ತ ಬೆಳೆದ ಬರಹ ಒಂದು ಪರಿಭಾಷೆಯನ್ನೇ ಕಟ್ಟಿತು: ಗುರಾಣಿಯ ಹಿಂದೆ ಕಾದು ನೋಡು, ಉರುಳಿ ತಪ್ಪಿಸಿಕೋ, ದಣಿವಿನ ಪಟ್ಟಿಯ ಮೇಲೆ ಕಣ್ಣಿಡು, ಬಲ ಚಾತುರ್ಯಾದಿ ಗುಣಗಳಿಗೆ ಅಂಕ ಹಂಚಿ ನಿನ್ನ ಪಾತ್ರವನ್ನು ರೂಪಿಸಿಕೋ. ‘ಬ್ಲಡ್‌ಬೋರ್ನ್’ (2015) ಈ ಪರಿಭಾಷೆಯನ್ನು ಮೊದಲು ಅಲುಗಿಸಿತು. ಅಲ್ಲಿ ಪೆಟ್ಟು ತಿಂದ ಕೂಡಲೇ ತಿರುಗಿ ಹೊಡೆದರೆ ಕಳೆದ ಪ್ರಾಣದ ಒಂದಂಶ ಮರಳುತ್ತದೆ. ಅಲ್ಲಿ ಸಿಗುವ ಮರದ ಗುರಾಣಿಯ ವಿವರಣೆಯೇ ಗುರಾಣಿ ಹಿಡಿಯುವವರ ಜಡತೆಯನ್ನು ಚುಚ್ಚುತ್ತದೆ. ‘ಸೆಕಿರೊ’ (2019) ಇನ್ನೂ ಮುಂದೆ ಹೋಯಿತು. ಗುಣಗಳಿಗೆ ಅಂಕ ಹಂಚುವ ಪದ್ಧತಿಯಿಲ್ಲ, ದಣಿವಿನ ಪಟ್ಟಿಯಿಲ್ಲ, ಬಹುಮಟ್ಟಿಗೆ ಒಂದೇ ಖಡ್ಗ. ಅದರ ಬದಲಿಗೆ ‘ಪೋಶ್ಚರ್’ ಎಂಬ ಹೊಸ ಅಳತೆಯಿದೆ. ಕನ್ನಡದಲ್ಲಿ ಅದನ್ನು ‘ನಿಲುವು’ ಎನ್ನಬಹುದು. ಎದುರಾಳಿಯ ಏಟನ್ನು ಸರಿಯಾದ ಗಳಿಗೆಯಲ್ಲಿ ಖಡ್ಗದಿಂದ ತಡೆದರೆ ಅವನ ನಿಲುವು ಕದಡುತ್ತದೆ. ಪೂರ್ತಿ ಮುರಿದಾಗ ಒಂದೇ ಇರಿತಕ್ಕೆ ದಾರಿ ತೆರೆಯುತ್ತದೆ. ದೂರ ಸರಿದರೆ ಅವನ ನಿಲುವು ಮತ್ತೆ ಚೇತರಿಸಿಕೊಳ್ಳುತ್ತದೆ. ಡಾರ್ಕ್ ಸೋಲ್ಸ್ ವಿವೇಕವೆಂದು ಕಲಿಸಿದ ಹಿಂಜರಿಕೆಗೆ ಸೆಕಿರೊದಲ್ಲಿ ದಂಡ ತೆರಬೇಕು.

ಇಲ್ಲಿ ಕೈಪಿಡಿಕಾರರ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು ನಿಷೇಧದ ದಾರಿ: ಹಳೆಯ ಆಟದಿಂದ ಬಂದವರಿಗಾಗಿ, ಅಲ್ಲಿದ್ದು ಇಲ್ಲಿಲ್ಲದವುಗಳ ಪಟ್ಟಿ. ಈ ಬಗೆಯ ಬರಹ ಆಗ ಹೇರಳವಾಗಿ ಬಂತು. ಅದು ಪ್ರಾಮಾಣಿಕವಾದುದೇ, ಉಪಯುಕ್ತವೂ ಹೌದು. ಆದರೆ ಹೊಸ ಜಗತ್ತನ್ನು ಹಳೆಯದರ ಕೊರತೆಗಳ ಮೊತ್ತವಾಗಿ ಓದುವುದೇ ಅದರ ಮಿತಿ. ಹಳೆಯ ಆಟವನ್ನು ಆಡದೆ ನೇರವಾಗಿ ಇಲ್ಲಿಗೆ ಬಂದ ಓದುಗನಿಗೆ ಆ ಪಟ್ಟಿ ಏನನ್ನೂ ಹೇಳದು. ಎರಡನೆಯದು ಹೊಸ ಆಟದ ಕ್ರಿಯಾಪದಗಳಿಂದಲೇ ಆರಂಭಿಸುವ ದಾರಿ.

ಇದರ ಕಷ್ಟವನ್ನು ಒಂದು ಸಂಕೇತದಿಂದ ತಿಳಿಯಬಹುದು. ಸೆಕಿರೊದಲ್ಲಿ ಎದುರಾಳಿ ತಡೆಯಲಾಗದ ಏಟಿಗೆ ಸಿದ್ಧನಾದಾಗ ತೆರೆಯ ಮೇಲೆ ‘ಅಪಾಯ’ ಎಂಬರ್ಥದ ಕೆಂಪು ಲಿಪಿಚಿಹ್ನೆ ಮಿಂಚುತ್ತದೆ. ಚಿಹ್ನೆ ಒಂದೇ, ಅರ್ಥ ಮೂರು. ಅದು ನೇರ ತಿವಿತವಿರಬಹುದು, ಕಾಲಬುಡದ ಬೀಸುಹೊಡೆತವಿರಬಹುದು, ಬಾಚಿ ಹಿಡಿಯುವ ಪಟ್ಟಿರಬಹುದು. ಬೀಸಿಗೆ ನೆಗೆಯಬೇಕು, ಹಿಡಿತದಿಂದ ದೂರ ಸರಿಯಬೇಕು. ತಿವಿತಕ್ಕೆ ‘ಮಿಕಿರಿ’ ಎಂಬ ವಿದ್ಯೆ ಕಲಿತಿದ್ದರೆ, ಬರುವ ಅಲಗಿನ ಕಡೆಗೇ ಹೆಜ್ಜೆಯಿಟ್ಟು ಅದನ್ನು ತುಳಿಯಬೇಕು. ಯಾವುದು ಬರಲಿದೆ ಎಂಬುದನ್ನು ಲಿಪಿ ಹೇಳುವುದಿಲ್ಲ, ಎದುರಾಳಿಯ ದೇಹ ಹೇಳುತ್ತದೆ. ಆದ್ದರಿಂದ ಉತ್ತಮ ಕೈಪಿಡಿ ಇಲ್ಲಿ ಗುಂಡಿಗಳ ಹೆಸರು ಹೇಳಿ ನಿಲ್ಲಲಾಗದು. ಹೆಗಲು ಎತ್ತ ತಿರುಗಿತು, ಅಲಗು ಸೊಂಟದ ಬಳಿಗೆ ಹೋಯಿತೇ ಅಥವಾ ನೆಲದತ್ತ ಬಾಗಿತೇ ಎಂದು ನೋಡುವುದನ್ನು ಕಲಿಸಬೇಕು. ಒಂದು ಪದದ ಅರ್ಥವನ್ನು ಸಂದರ್ಭದಿಂದ ನಿರ್ಣಯಿಸುವ ಓದುಗನ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವಿರುವುದು ವೇಗದಲ್ಲಿ ಮಾತ್ರ.

ಹೀಗೆ ನೋಡಿದರೆ ಕೈಪಿಡಿಯಲ್ಲಿ ಮೂರು ಪದರಗಳು ಕಾಣುತ್ತವೆ. ಸ್ಥಳ, ಸಂಖ್ಯೆ, ವಸ್ತುಗಳ ಮಾಹಿತಿ ಒಂದು; ಅದು ಆಟದೊಂದಿಗೇ ಹಿಂದೆ ಉಳಿಯುತ್ತದೆ, ಎಷ್ಟೋ ವೇಳೆ ಒಂದು ಪರಿಷ್ಕರಣೆಯಿಂದಲೇ ಹಳತಾಗುತ್ತದೆ. ನಿರೂಪಣೆಯ ಕ್ರಮ ಎರಡನೆಯದು. ಅದು ಅರ್ಧ ದಾರಿ ಜೊತೆಗೆ ಬರುತ್ತದೆ. ಗಮನದ ರೀತಿ ಮೂರನೆಯದು: ಸೋಲನ್ನು ವಿವರವಾಗಿ ನೋಡುವ ತಾಳ್ಮೆ, ನೋಡಿದ್ದಕ್ಕೆ ನಿಖರವಾದ ಕ್ರಿಯಾಪದ ಹುಡುಕುವ ಶ್ರಮ. ಹೊಸ ಆಟಕ್ಕೆ ಪೂರ್ತಿಯಾಗಿ ಸಾಗುವುದು ಇದೊಂದೇ. ಏಮಿಸ್ ಪುಸ್ತಕವನ್ನು ಇಂದು ಓದಿಸುವುದೂ ಈ ಮೂರನೆಯ ಪದರವೇ.

ಕನ್ನಡದ ಓದುಗರಿಗೆ ಈ ಸಮಸ್ಯೆ ಹೊಸದಲ್ಲ. ನಮಗೆ ಲಭ್ಯವಿರುವ ಮೊದಲ ಗ್ರಂಥವೇ ಒಂದು ಕೈಪಿಡಿ. ಅದರ ಹೆಸರಿನಲ್ಲಿಯೇ ‘ಮಾರ್ಗ’ವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ಕ್ಕೆ ಬಹಳ ಋಣಿ. ಸಂಸ್ಕೃತಕ್ಕೆ ರೂಪಿಸಿದ ಕ್ರಮವನ್ನು ಅದು ಕನ್ನಡವೆಂಬ ಬೇರೆ ಕಣಕ್ಕೆ ತಂದಿತು. ಆದರೆ ಅದು ಸುಮ್ಮನೆ ಹೊತ್ತು ತಂದದ್ದಲ್ಲ. ದಂಡಿಯಿಂದ ಸಿದ್ಧವಾಗಿ ಸಿಗದಿದ್ದ ಕನ್ನಡ ಪದ್ಯದ ಪ್ರಾಸವಿಚಾರವನ್ನು ವಿಸ್ತರಿಸಿತು. ಸಂಸ್ಕೃತ ಕನ್ನಡ ಪದಗಳನ್ನು ವಿವೇಚನೆಯಿಲ್ಲದೆ ಸಮಾಸ ಮಾಡುವುದನ್ನು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಎಚ್ಚರಿಸಿತು. ಕನ್ನಡದಲ್ಲಿ ಏನಿಲ್ಲ ಎಂಬ ಪಟ್ಟಿಗಿಂತ ಇಲ್ಲಿ ಯಾವುದು ನಡೆಯುತ್ತದೆ ಎಂಬ ಪರೀಕ್ಷೆ ಅದಕ್ಕೆ ಮುಖ್ಯವಾಗಿತ್ತು. ಎರಡನೆಯ ದಾರಿಗೆ ಇದಕ್ಕಿಂತ ಹಳೆಯ ನಿದರ್ಶನ ನಮ್ಮಲ್ಲಿಲ್ಲ.

ಗಡಿನಾಡಿನ ಕನ್ನಡ ತರಗತಿಯಲ್ಲಿ ಈ ಪ್ರಶ್ನೆ ದಿನನಿತ್ಯದ್ದು. ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಮಗುವಿನ ಕೈಗೆ ಬರುವ ವಿಜ್ಞಾನ, ಗಣಿತದ ಪಾಠಗಳು ಅನೇಕ ವೇಳೆ ಬೇರೊಂದು ಭಾಷೆಯಲ್ಲಿ ಮೊದಲು ರೂಪುಗೊಂಡು ಕನ್ನಡಕ್ಕೆ ಬಂದವು. ಪಠ್ಯಪುಸ್ತಕವೂ ಕೈಪಿಡಿಯೇ, ಮಧ್ಯಮ ಪುರುಷದಲ್ಲಿ, ವಿಧ್ಯರ್ಥದಲ್ಲಿ ಅದೂ ಮಾತಾಡುತ್ತದೆ. ಅದರ ಅನುವಾದವನ್ನು ಪಾರಿಭಾಷಿಕ ಪದಗಳ ಸರಿತಪ್ಪಿನಿಂದಷ್ಟೇ ಅಳೆದರೆ ನಾವು ಮೊದಲ ಪದರದಲ್ಲಿಯೇ ನಿಂತಂತೆ. ‘ಗಮನಿಸು’, ‘ಹೋಲಿಸು’, ‘ಏಕೆಂದು ಹೇಳು’ ಎಂಬ ಕ್ರಿಯಾಪದಗಳ ಮುಂದೆ ಆ ಮಗುವಿನ ಕಣ್ಣು ಏನನ್ನು ಕಾಣುತ್ತದೆ ಎಂಬುದು ಮೂರನೆಯ ಪದರದ ಪ್ರಶ್ನೆ. ಅನುವಾದ ವಿಮರ್ಶೆ ಅದನ್ನು ಕೇಳುವುದು ಅಪರೂಪ.

ಪ್ರೈಮಾ ತನ್ನ ಮುಚ್ಚುಗಡೆಯನ್ನು 2018ರ ಕೊನೆಯಲ್ಲಿ ಪ್ರಕಟಿಸಿತು. ಸೆಕಿರೊ ಬಂದದ್ದು ಮರುವರ್ಷದ ಮಾರ್ಚಿನಲ್ಲಿ. ಮುದ್ರಿತ ಕೈಪಿಡಿಗಳು ಈಗಲೂ ಬರುತ್ತಿವೆ, ಆದರೆ ಬಹುಪಾಲು ಆಟಗಾರರು ದಾರಿ ಹುಡುಕುವುದು ವಿಡಿಯೋಗಳಲ್ಲಿ. ದೃಶ್ಯ ಎಲ್ಲವನ್ನೂ ತೋರಿಸಬಲ್ಲದು, ಹೆಸರಿಸಲೇಬೇಕೆಂಬ ಒತ್ತಡ ಅದಕ್ಕಿಲ್ಲ. ಬರೆಯುವವನಿಗೆ ಆ ವಿನಾಯಿತಿ ಸಿಗದು: ತಿವಿಯಲು ಬರುವ ಅಲಗಿನ ಕಡೆಗೆ ಹೆಜ್ಜೆಯಿಡು ಎಂದು ಓದುಗನಿಗೆ ಹೇಳುವ ಮೊದಲು, ಅದು ತಿವಿತವೆಂದು ತನಗೆ ತಿಳಿದದ್ದು ಹೇಗೆಂಬುದನ್ನು ಅವನು ವಾಕ್ಯದಲ್ಲಿ ಹೇಳಲೇಬೇಕು.