ಹದಿಮೂರು ಮಂದಿಯ ದೂರ

ಅನ್ನಪೂರ್ಣೇಶ್ವರಿ ನಗರದ ನಮ್ಮ ಪಾರ್ಕಿನಲ್ಲಿ ಸಂಜೆಯ ವಾಕಿಂಗ್ ಮುಗಿಸಿದವರು ಕಲ್ಲುಬೆಂಚಿನ ಸುತ್ತ ಸೇರುವುದು ವಾಡಿಕೆ. 2024ರ ಅಕ್ಟೋಬರ್ ತಿಂಗಳಿಡೀ ಅಲ್ಲಿ ಒಂದೇ ಮಾತು. ಟ್ರಂಪ್ ಗೆಲ್ತಾರಾ?

ಇದು ಹೊತ್ತು ಹೋಗದವರ ಹರಟೆ ಎಂದು ತಳ್ಳಿಹಾಕುವಂತಿರಲಿಲ್ಲ. ಬೆಂಚಿನ ಮೇಲಿದ್ದವರಲ್ಲಿ ಅರ್ಧದಷ್ಟು ಜನರ ಮಕ್ಕಳು ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾರೆ. ಯಾರದೋ ಮಗನ ಎಚ್-1ಬಿ ನವೀಕರಣಕ್ಕೆ ಬಂದಿದೆ, ಯಾರದೋ ಮಗಳ ಗ್ರೀನ್ ಕಾರ್ಡಿನ ಸರದಿ ಹತ್ತು ವರ್ಷದಿಂದ ಅಲುಗಿಲ್ಲ. ಮೊಮ್ಮಕ್ಕಳನ್ನು ನೋಡಲು ಬರುವ ಬೇಸಿಗೆಯಲ್ಲಿ ಹೋಗಬೇಕೋ ಬೇಡವೋ ಎನ್ನುವುದೂ ಆ ಪ್ರಶ್ನೆಗೇ ತಗುಲಿಕೊಂಡಿತ್ತು. "ಮೂವತ್ತನಾಲ್ಕು ಆರೋಪದಲ್ಲಿ ತಪ್ಪಿತಸ್ಥ ಅಂತ ಕೋರ್ಟೇ ಹೇಳಿದೆ, ಅಂಥವರಿಗೆ ಯಾರ್ರೀ ಓಟ್ ಹಾಕ್ತಾರೆ?" ಎಂದು ಒಬ್ಬರು. "ಹಾಕ್ತಾರೆ, ನೋಡ್ತಿರಿ, ಹವಾ ಹಂಗಿದೆ" ಎಂದು ಇನ್ನೊಬ್ಬರು. ನವೆಂಬರ್ 6ರ ಸಂಜೆ ಬೆಂಚಿಗೆ ಬರುವಷ್ಟರಲ್ಲಿ ಫಲಿತಾಂಶ ಗೊತ್ತಾಗಿತ್ತು. ಹವಾ ಎಂದವರು ಗೆದ್ದಿದ್ದರು, ಅಲ್ಲ ಎಂದವರು ಸುಮ್ಮನೆ ಕೂತಿದ್ದರು. ಚರ್ಚೆ ಅಲ್ಲಿಗೆ ಮುಗಿಯಿತು. ಹಾಗೆ ಮುಗಿದದ್ದೇ ನನ್ನನ್ನು ಕಾಡಿದ್ದು. ಒಂದು ತಿಂಗಳು ಕಟ್ಟಿದ ವಾದ ಫಲಿತಾಂಶ ಬಂದೊಡನೆ ಹೇಳಹೆಸರಿಲ್ಲದೆ ಕರಗುತ್ತದೆಂದರೆ, ಅದಕ್ಕೆ ಬುನಾದಿ ಇತ್ತೇ?

ನಮ್ಮ ಊರುಗಳಲ್ಲಿ ಅರಳಿಕಟ್ಟೆಯ ಕಾಲದಿಂದ ನಡೆದುಬಂದ ಈ ಗೆಲ್ತಾರಾ-ಸೋಲ್ತಾರಾ ಚರ್ಚೆಯನ್ನು ಒಂದು ಕಲೆಯೆಂದು ಭಾವಿಸಿ ವಿಮರ್ಶೆ ಮಾಡಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಅದಕ್ಕೆ ಅದರದೇ ಪರಿಭಾಷೆ ಇದೆ: ಅಲೆ, ಗಾಳಿ, ಒಳಏಟು, ಲೆಕ್ಕಾಚಾರ. ಒಳ್ಳೆಯ ಗುಣಗಳೂ ಇವೆ. ಸಾವಿರಾರು ಮೈಲಿ ಆಚೆಯ ಚುನಾವಣೆಯನ್ನು ಹತ್ತು ಜನ ತಮ್ಮ ಮನೆಯ ವಿಷಯದಂತೆ ಹಚ್ಚಿಕೊಂಡು ಮಾತಾಡುವ ಸಮಾಜ ಸತ್ತಿಲ್ಲ. ನನ್ನ ತಕರಾರು ಊಹೆ ತಪ್ಪುವುದರ ಬಗ್ಗೆಯೂ ಅಲ್ಲ. ಓಟು ಯಾರ ಕೈಯಲ್ಲಿದೆ, ಅದನ್ನು ಎಣಿಸುವ ಕ್ರಮ ಯಾವುದು ಎಂಬುದನ್ನೇ ಕೇಳದೆ ಈ ಚರ್ಚೆ ಶುರುವಾಗುತ್ತದೆ ಎನ್ನುವುದು ನನ್ನ ಮೊದಲ ತಕರಾರು. ಎರಡನೆಯದು ಇನ್ನೂ ಗಂಭೀರ. 'ಗೆಲ್ಲಬಹುದೇ' ಎಂಬ ಪ್ರಶ್ನೆ 'ಗೆಲ್ಲಬೇಕೇ' ಎಂಬುದನ್ನು ಮೆಲ್ಲಗೆ ನುಂಗಿಹಾಕುತ್ತದೆ.

2016ರಲ್ಲಿ ಟ್ರಂಪ್ ಅವರಿಗೆ ಹಿಲರಿ ಕ್ಲಿಂಟನ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಓಟು ಕಡಿಮೆ ಬಿದ್ದಿದ್ದವು. ಆದರೂ ರಾಜ್ಯವಾರು ಎಣಿಸುವ ಎಲೆಕ್ಟೋರಲ್ ಮತಗಳಲ್ಲಿ 304 ಪಡೆದು ಅವರು ಗೆದ್ದರು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಈ ಮೂರು ರಾಜ್ಯಗಳ ಅಂತರ ಒಟ್ಟುಗೂಡಿಸಿದರೂ 80 ಸಾವಿರ ದಾಟುವುದಿಲ್ಲ. ದೇಶದ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂದು ಕೇಳಿದ್ದವರಿಗೆ ಅವತ್ತು ಉತ್ತರ ಸಿಕ್ಕುತ್ತಿರಲಿಲ್ಲ, ಆ ಮೂರು ರಾಜ್ಯಗಳನ್ನು ಕೇಳಿದ್ದವರಿಗೆ ಸಿಕ್ಕುತ್ತಿತ್ತು.

ಅಮೆರಿಕದ ಮಾತು ಅಷ್ಟು ಸಾಕು. ನಮ್ಮ ಊರಿನಲ್ಲೇ ಹುಟ್ಟಿದ ಒಂದು ರಾಷ್ಟ್ರಪತಿ ಚುನಾವಣೆ ಇದೆ. ಅದನ್ನು ನಾವು ಮರೆತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಜುಲೈ ಎರಡನೇ ವಾರ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಫಲಪುಷ್ಪ ಪ್ರದರ್ಶನಕ್ಕೆಂದು ನಾವು ಸಾಲು ನಿಲ್ಲುವ ಆ ಗಾಜಿನ ಮಾಡಿನ ಕೆಳಗೆ ದೇಶದ ಅತಿ ದೊಡ್ಡ ಪಕ್ಷ ಎರಡಾಗಿ ಬಿರಿಯತೊಡಗಿತ್ತು. ಇಂದಿರಾ ಗಾಂಧಿ ಜಗಜೀವನ್ ರಾಮ್ ಅವರ ಹೆಸರು ಮುಂದಿಟ್ಟರು. ಗಾಂಧೀಜಿಯ ಜನ್ಮ ಶತಮಾನೋತ್ಸವದ ವರ್ಷ ಅದು, ದಲಿತರೊಬ್ಬರು ರಾಷ್ಟ್ರಪತಿಯಾಗಲಿ ಎಂಬ ವಾದ. ಪಾರ್ಲಿಮೆಂಟರಿ ಮಂಡಳಿಯ ಬಹುಮತ ಅದನ್ನು ಬದಿಗೆ ಸರಿಸಿ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಇಂದಿರಾ ಅವರ ಮನಸ್ಸಿನಲ್ಲಿ ಏನಿತ್ತು ಎಂಬ ಜಿಜ್ಞಾಸೆ ಬೇರೆ. ಆದರೆ 'ಯಾರು ಆಗಬೇಕು' ಎನ್ನುವ ಒಳ್ಳೆಯ ಪ್ರಶ್ನೆಯೊಂದು ಬೆಂಗಳೂರಿನಲ್ಲಿ ಎದ್ದು, 'ಯಾರು ನಮ್ಮವರು' ಎನ್ನುವ ಲೆಕ್ಕದ ಮುಂದೆ ಸೋತಿತು. ಆ ಪ್ರಶ್ನೆಗೆ ಉತ್ತರವಾಗಿ ದಲಿತರಾದ ಕೆ.ಆರ್. ನಾರಾಯಣನ್ ರಾಷ್ಟ್ರಪತಿಯಾಗಿ ಬರಲು ದೇಶ 1997ರವರೆಗೆ, ಇಪ್ಪತ್ತೆಂಟು ವರ್ಷ, ಕಾಯಬೇಕಾಯಿತು.

ಅಂದಿನ ಕಟ್ಟೆಗಳಲ್ಲಿ ಸಂಜೀವ ರೆಡ್ಡಿ ಗೆಲ್ಲುತ್ತಾರೆಂಬುದರ ಬಗ್ಗೆ ಅನುಮಾನವೇಕೆ ಇರಬೇಕಿತ್ತು? ಆಳುವ ಪಕ್ಷದ ಅಧಿಕೃತ ಅಭ್ಯರ್ಥಿ. ಅವರ ನಾಮಪತ್ರಕ್ಕೆ ಸಹಿ ಹಾಕಿದವರಲ್ಲಿ ಸ್ವತಃ ಪ್ರಧಾನಿ ಇದ್ದರು. ವಿವಾದದ ಕಲೆ ಅವರಿಗೂ ಇತ್ತು. ಬಸ್ ಮಾರ್ಗಗಳ ರಾಷ್ಟ್ರೀಕರಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಡಿದ ಟೀಕೆಯ ನಂತರ 1964ರಲ್ಲಿ ಆಂಧ್ರದ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಿದ್ದರು. ನಾನು ಅದನ್ನು ಅವರ ಘನತೆಯ ಲೆಕ್ಕಕ್ಕೇ ಹಾಕುತ್ತೇನೆ. ಟೀಕೆ ಬಂದಾಗ ಕುರ್ಚಿ ಬಿಡುವವರು ಆಗಲೂ ಬಹಳ ಜನ ಇರಲಿಲ್ಲ.

ಎದುರಿಗೆ ನಿಂತವರು ವಿ.ವಿ. ಗಿರಿ. 1965ರಿಂದ 67ರವರೆಗೆ ಅವರು ಇದೇ ಮೈಸೂರು ರಾಜ್ಯದ ರಾಜ್ಯಪಾಲರು, ಆಗ ಇಲ್ಲಿನ ಮುಖ್ಯಮಂತ್ರಿ ನಿಜಲಿಂಗಪ್ಪ. ಒಂದೇ ರಾಜ್ಯದ ಆಡಳಿತದಲ್ಲಿ ಜೊತೆಗಿದ್ದ ಇಬ್ಬರು ಎರಡೇ ವರ್ಷದಲ್ಲಿ ದೇಶದ ಅತ್ಯುನ್ನತ ಹುದ್ದೆಯ ಜಗಳದ ಎರಡು ತುದಿಗಳಲ್ಲಿದ್ದರು. ಗಿರಿ ಆಗ ಉಪರಾಷ್ಟ್ರಪತಿ, ಹಂಗಾಮಿ ರಾಷ್ಟ್ರಪತಿ. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿದರು, ಮರುದಿನ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಮತದಾನಕ್ಕೆ ಆರು ದಿನ ಮುಂಚೆ ಅವರಿಗೆ 75 ತುಂಬಿತು. ಮೂರನೆಯವರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಸಿ.ಡಿ. ದೇಶಮುಖ್. ಅವರಿಗೆ ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲ. ಒಟ್ಟು 15 ಜನ ಕಣದಲ್ಲಿದ್ದರು, ಐವರಿಗೆ ಒಂದು ಮತವೂ ಬೀಳಲಿಲ್ಲ.

ಇಲ್ಲಿಂದ ಮುಂದಿನದು ಲೆಕ್ಕ. ದಯವಿಟ್ಟು ಬಿಟ್ಟು ಓದಬೇಡಿ, ಇಡೀ ಕತೆ ಇರುವುದೇ ಇಲ್ಲಿ. ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು. ಶಾಸಕರ ಮತದ ಬೆಲೆ ಅವರ ರಾಜ್ಯದ ಜನಸಂಖ್ಯೆಗೆ ತಕ್ಕಂತೆ ಏರಿಳಿಯುತ್ತದೆ. ಆ ವರ್ಷ ಒಬ್ಬ ಸಂಸದರ ಮತಕ್ಕೆ 576ರ ಬೆಲೆ. ಮತಪತ್ರದಲ್ಲಿ ಒಂದನೇ ಆಯ್ಕೆ, ಎರಡನೇ ಆಯ್ಕೆ ಎಂದು ಬರೆಯಬಹುದು. ಅರ್ಧಕ್ಕಿಂತ ಹೆಚ್ಚು ಬೆಲೆ ಸಿಗುವತನಕ ಕೊನೆಯವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಗಳನ್ನು ಮುಂದಿನ ಆಯ್ಕೆಗೆ ಹಂಚುತ್ತಾರೆ. ಮತದಾನ ಗುಪ್ತ. ನಿಜಲಿಂಗಪ್ಪನವರು ವಿಪ್ ಹೊರಡಿಸಲು ಕೇಳಿದರು, ಇಂದಿರಾ ಒಪ್ಪಲಿಲ್ಲ, ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು. ದೇಶಮುಖರ ಬೆಂಬಲಿಗರ ಎರಡನೇ ಆಯ್ಕೆ ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದ್ದರು. ಅದೇ ಅವರ ಮೇಲಿನ ದೊಡ್ಡ ಆರೋಪವಾಯಿತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಆಯ್ಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲುವಿಗೆ ಬೇಕಿದ್ದದ್ದು 4,18,169. ಯಾರಿಗೂ ದಕ್ಕಲಿಲ್ಲ. ಉಳಿದವರನ್ನೆಲ್ಲ ಕೈಬಿಟ್ಟು ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427.

ಈ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಕಳೆದು ನೋಡಿದ ದಿನ, ನಾನು ಚಿಕ್ಕಂದಿನಿಂದ ಕೇಳಿದ್ದ ಕತೆ ತಲೆಕೆಳಗಾಯಿತು. ನಿಜಲಿಂಗಪ್ಪನವರ ಎರಡನೇ ಆಯ್ಕೆಯ ತಂತ್ರ ಮಣ್ಣುಗೂಡಿತು ಎಂದೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಹಾಗಾಗಲಿಲ್ಲ. ಹಂಚಿಕೆಯಲ್ಲಿ ಗಿರಿಯವರಿಗೆ ಬಂದದ್ದು 18,562, ರೆಡ್ಡಿಯವರಿಗೆ 91,879. ಒಂದಕ್ಕೆ ಐದರಷ್ಟು. ತಂತ್ರ ಫಲಿಸಿತ್ತು. ಸೋಲು ಆದದ್ದು ಮೊದಲ ಆಯ್ಕೆಯಲ್ಲಿ, ಅಂದರೆ ಸ್ವಂತ ಪಕ್ಷದವರ ಕೈಯಲ್ಲಿ. ಕೊನೆಯ ಅಂತರ 14,650. ಗಿರಿಯವರಿಗೆ ಹಾಕಿದ ಸಂಸದರಲ್ಲಿ ಕೇವಲ ಹದಿಮೂರು ಮಂದಿ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲಿತಾಂಶ ಬದಲಾಗುತ್ತಿತ್ತು. ನವೆಂಬರ್ ಹೊತ್ತಿಗೆ ಪಕ್ಷ ಇಂದಿರಾ ಅವರನ್ನು ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯಿತು. ಒಂದು ದೇಶದ ರಾಜಕೀಯವೇ ಹೊರಳಿದ್ದು ಹದಿಮೂರು ಮಂದಿಯ ದೂರದಲ್ಲಿ. ಆ ಹದಿಮೂರರ ಅಂದಾಜು ಯಾವ ಅಲೆಯ ಮಾತಿನಲ್ಲಿ, ಯಾವ ಗಾಳಿಯ ಮಾತಿನಲ್ಲಿ ಸಿಕ್ಕೀತು?

ಇನ್ನೊಂದು ಸಂಗತಿ ನನ್ನ ಎರಡನೇ ತಕರಾರಿಗೆ ಸೇರಿದ್ದು. ಮತದಾನಕ್ಕೆ ಮುಂಚೆ ಸಂಜೀವ ರೆಡ್ಡಿಯವರ ಚಾರಿತ್ರ್ಯದ ಮೇಲೆ ಕೆಸರೆರಚುವ ಅನಾಮಧೇಯ ಕರಪತ್ರವೊಂದು ಸಂಸದರ ನಡುವೆ ಓಡಾಡಿತು. ಚುನಾವಣೆಯನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು, ರಾಷ್ಟ್ರಪತಿ ಗಿರಿ ತಾವೇ ಬಂದು ಸಾಕ್ಷಿ ನುಡಿದರು, 1970ರಲ್ಲಿ ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿನ ಟೀಕೆ ಮತ್ತು ಹೆಸರಿಲ್ಲದ ಕರಪತ್ರ ಒಂದೇ ತೂಕದವೇ? ಒಂದು ಪ್ರಮಾಣಿತ, ಇನ್ನೊಂದು ಹೊಲಸು. ಆದರೆ ಕಟ್ಟೆಯ ಮಾತಿನಲ್ಲಿ ಎರಡಕ್ಕೂ ಒಂದೇ ಪದ: ವಿವಾದ. 'ವಿವಾದಾತ್ಮಕ ನಾಯಕ' ಎಂದು ಹೇಳಿಬಿಟ್ಟರೆ ಮುಗಿಯಿತು, ಆತ ಕೋರ್ಟಿನಲ್ಲಿ ತಪ್ಪಿತಸ್ಥನೋ, ಸುಳ್ಳಿಗೆ ಬಲಿಯಾದವನೋ, ಒಂದು ಸಮುದಾಯವನ್ನು ಹೀಯಾಳಿಸಿದವನೋ ಎಂದು ಬಿಡಿಸಿ ನೋಡುವ ಹೊಣೆ ತಪ್ಪುತ್ತದೆ. ಆ ಪದವನ್ನು ನಾವು ಬಳಸುವುದು ತೀರ್ಪು ಕೊಡಲು ಹೆದರುವಾಗ. ನಮ್ಮ ಪಾರ್ಕಿನ ಬೆಂಚಿನಲ್ಲಿ ಆ ತಿಂಗಳಿಡೀ ಯಾರೂ, ನಾನೂ ಸೇರಿ, "ಅವರು ಗೆದ್ದರೆ ಅದು ಸರಿಯೇ?" ಎಂದು ಬಾಯಿಬಿಟ್ಟು ಕೇಳಲಿಲ್ಲ. ಗೆಲ್ತಾರೆ ಎಂದವರು ಟ್ರಂಪ್ ಪರ, ಸೋಲ್ತಾರೆ ಎಂದವರು ವಿರುದ್ಧ ಎಂದು ನಾವೇ ಅಂದುಕೊಂಡೆವು. ಇಷ್ಟವಿಲ್ಲದವರೂ ಗೆಲ್ಲಬಹುದು ಎಂದು ಹೇಳಲು ಒಂದು ಬಗೆಯ ಧೈರ್ಯ ಬೇಕು. ಗೆಲ್ಲುವವರನ್ನು ತಪ್ಪೆಂದು ಹೇಳಲು ಇನ್ನೂ ದೊಡ್ಡ ಧೈರ್ಯ ಬೇಕು.

ಚಿಕ್ಕಮಗಳೂರಿನ ಮಾತು ಬಂದೇ ಬರುತ್ತದೆ. 1978ರ ನವೆಂಬರ್ ಉಪಚುನಾವಣೆಯಲ್ಲಿ ತುರ್ತುಪರಿಸ್ಥಿತಿಯ ಭಾರ ಹೊತ್ತ ಇಂದಿರಾ ಗೆಲ್ತಾರಾ ಎಂದು ದೇಶವೇ ಕೇಳುತ್ತಿತ್ತು. ಎದುರಾಳಿ ವೀರೇಂದ್ರ ಪಾಟೀಲ್, 1969ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾಗಿ ನಿಜಲಿಂಗಪ್ಪನವರ ಜೊತೆ ನಿಂತವರು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಂದಿನಿಂದ ನಮ್ಮ ಕಟ್ಟೆಗಳಲ್ಲಿ ಈ ಗೆಲುವು ಎಲ್ಲ ವಾದಕ್ಕೂ ಮದ್ದು: "ಚಿಕ್ಕಮಗಳೂರಲ್ಲಿ ಏನಾಯ್ತು ನೋಡಿ!" ಆದರೆ ಜೈಲಿನಲ್ಲಿ ಕೊಳೆತವರ ನೋವಿಗೆ ಆ 77 ಸಾವಿರ ಉತ್ತರವಲ್ಲ. ಗೆಲುವು ಆರೋಪವನ್ನು ತೊಳೆಯುತ್ತದೆ ಎಂಬ ನಂಬಿಕೆ ಅಲ್ಲಿಂದಲೇ ನಮ್ಮಲ್ಲಿ ಗಟ್ಟಿಯಾಯಿತು ಎಂಬ ಗುಮಾನಿ ನನಗಿದೆ.

ನಮ್ಮ ಬಡಾವಣೆಯ ಪಕ್ಕದ ನಾಗರಬಾವಿಯಲ್ಲೇ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ-ಆರ್ಥಿಕ ಅಧ್ಯಯನ ಸಂಸ್ಥೆ ಐಸೆಕ್ ಇದೆ, ನ್ಯಾಷನಲ್ ಲಾ ಸ್ಕೂಲ್ ಇದೆ. ಸಂವಿಧಾನವನ್ನು ಅರೆದು ಕುಡಿದವರು ಅಲ್ಲಿದ್ದಾರೆ. ಅಲ್ಲಿನ ಜ್ಞಾನಕ್ಕೂ ನಮ್ಮ ಕಲ್ಲುಬೆಂಚಿಗೂ ನಡುವೆ ಒಂದು ರಸ್ತೆಯ ಅಂತರ, ಆದರೂ ದಾಟಿ ಬಂದಿಲ್ಲ. 2022ರ ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ 224 ಶಾಸಕರಲ್ಲಿ ಒಬ್ಬೊಬ್ಬರ ಮತಕ್ಕೂ 131ರ ಬೆಲೆ ಇತ್ತು, ಸಂಸದರದ್ದಕ್ಕೆ 700. ನಾವು ಆರಿಸಿ ಕಳಿಸಿದವರು ನಮ್ಮ ಪರವಾಗಿ ಆ 131ನ್ನು ಎಲ್ಲಿ ಹಾಕಬೇಕೆಂದು ನಾವು ಒಂದು ಸಂಜೆಯಾದರೂ ಮಾತಾಡಿದ್ದೆವೇ? ಪೆನ್ಸಿಲ್ವೇನಿಯದ ಬಗ್ಗೆ ಒಂದು ತಿಂಗಳು ಮಾತಾಡಿದೆವು. ಮಕ್ಕಳು ಅಲ್ಲಿರುವಾಗ ಅದನ್ನು ತಪ್ಪೆನ್ನಲಾರೆ. ಇದನ್ನೂ ಮಾತಾಡಬೇಕಿತ್ತು.

ಸಂಜೀವ ರೆಡ್ಡಿ ಸೋತ ಮೇಲೆ ಅನಂತಪುರ ಜಿಲ್ಲೆಯ ತಮ್ಮ ಊರಿಗೆ ಬೇಸಾಯಕ್ಕೆ ಮರಳಿದರು. 1977ರಲ್ಲಿ ಆಂಧ್ರದ 42 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕ ಒಂದೇ ಒಂದು ಸ್ಥಾನ, ನಂದ್ಯಾಲ, ಅವರದು. ಅದೇ ವರ್ಷ ರಾಷ್ಟ್ರಪತಿ ಸ್ಥಾನಕ್ಕೆ ಬಂದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ, ಅವರು ಅವಿರೋಧವಾಗಿ ಆಯ್ಕೆಯಾದರು. ಜುಲೈ 25ರಂದು ಅವರಿಗೆ ಜಾಗ ತೆರವು ಮಾಡಿಕೊಟ್ಟ ಹಂಗಾಮಿ ರಾಷ್ಟ್ರಪತಿ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ. ರೆಡ್ಡಿ ಬೆಂಗಳೂರಿನಲ್ಲೇ 1996ರ ಜೂನ್ 1ರಂದು ತೀರಿಕೊಂಡರು. ಅವರ ಸಮಾಧಿ ಕಲ್ಪಳ್ಳಿಯಲ್ಲಿದೆ. ಲಾಲ್‌ಬಾಗಿನ ಗಾಜಿನಮನೆ, ಅವರ ಹೆಸರು ಹಿಡಿದು ಪಕ್ಷ ಒಡೆದ ಜಾಗ, ಅದೇ ಊರಿನಲ್ಲಿ ಕೆಲವೇ ಮೈಲಿ ಆಚೆ. ಮುಂದಿನ ಭಾನುವಾರ ಬೆಂಚಿನ ಗೆಳೆಯರನ್ನು ಕರೆದುಕೊಂಡು ಎರಡೂ ಕಡೆ ಹೋಗಿಬರಬೇಕೆಂದಿದ್ದೇನೆ. ಆ ಅಂಕಿಗಳ ಹಾಳೆ ನನ್ನ ಜೇಬಿನಲ್ಲಿರುತ್ತದೆ.