ರೋಗದ ನಕಾಶೆಯೂ ತಿಳಿವಳಿಕೆಯ ದಾರಿಯೂ

ಆರೋಗ್ಯಪ್ರಚಾರಕ್ಕೆ ಭೂಪಟವನ್ನು ಸಾಧನವಾಗಿ ಬಳಸಬೇಕೆಂದು ವಾದಿಸುವವರು ಲಂಡನ್ನಿನ ವೈದ್ಯ ಜಾನ್ ಸ್ನೋನ ಹೆಸರನ್ನು ಎತ್ತದೆ ಬಿಡುವುದಿಲ್ಲ. 1854ರಲ್ಲಿ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾದಿಂದ ಸತ್ತವರ ಮನೆಗಳನ್ನು ಆತನು ಪಟದ ಮೇಲೆ ಗುರುತಿಸಿದನೆಂದೂ, ಆ ಗುರುತುಗಳೇ ಕೆಟ್ಟ ನೀರಿನ ಪಂಪನ್ನು ತೋರಿಸಿಕೊಟ್ಟುವೆಂದೂ ಹೇಳುವುದು ವಾಡಿಕೆ. ನಡೆದ ಕ್ರಮವೇ ಬೇರೆ. ಮೃತರ ಪಟ್ಟಿಯನ್ನು ಹಿಡಿದು ಸ್ನೋ ಆ ಕೇರಿಗೆ ಹೋಗಿ, ಯಾರು ಎಲ್ಲಿಯ ನೀರು ಕುಡಿದರೆಂದು ವಿಚಾರಿಸಿದನು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಿದರು. ಪಟವು ಸಿದ್ಧವಾದುದು ಅದರ ತರುವಾಯ. ವಿಚಾರಣೆ ಮೊದಲು, ನಕಾಶೆ ಆಮೇಲೆ.

ಈ ಹಳೆಯ ಸಂಗತಿಯನ್ನು ಇಲ್ಲಿ ಎತ್ತಿದುದಕ್ಕೆ ಕಾರಣ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇದೆ. 2003ರಲ್ಲಿ ಇಲ್ಲಿನ ಮೂರು ತಾಲೂಕುಗಳ ವಯಸ್ಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ಮೂವರಲ್ಲಿ ಎಚ್.ಐ.ವಿ. ಸೋಂಕು ಕಂಡಿತು. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದವರೂ ನಮ್ಮವರೂ ಕೂಡಿ ಆ ಕಾಲದಲ್ಲಿ ನಡೆಸಿದ ಕಾರ್ಯದಲ್ಲಿ, ಲೈಂಗಿಕ ವೃತ್ತಿಯಲ್ಲಿದ್ದ ಸ್ತ್ರೀಯರು ಯಾವ ಯಾವ ಊರಿನಲ್ಲಿ ಎಷ್ಟು ಮಂದಿ ಇರುವರೆಂಬುದನ್ನು ಹಳ್ಳಿಹಳ್ಳಿಯಲ್ಲಿ ಕೇಳಿ ಲೆಕ್ಕ ಹಾಕಲಾಯಿತು. ಈ ಸಂಖ್ಯೆ ತಾಲೂಕಿನಿಂದ ತಾಲೂಕಿಗೆ, ಊರಿನಿಂದ ಊರಿಗೆ ಬಹಳ ಭಿನ್ನವಾಗಿತ್ತು. ಜಿಲ್ಲೆಯ ಸರಾಸರಿಯನ್ನು ನಂಬಿ ಎಲ್ಲ ಊರುಗಳಿಗೂ ಸಮನಾಗಿ ಭಿತ್ತಿಪತ್ರ ಹಂಚುವ ಇಲಾಖೆಯ ಪದ್ಧತಿ ಎಷ್ಟು ನಿರರ್ಥಕವೆಂಬುದನ್ನು ಇದು ಬಯಲಿಗಿಟ್ಟಿತು. ಆ ಸ್ತ್ರೀಯರಲ್ಲಿಯೇ ಕೆಲವರು ತಮ್ಮ ಸಂಗಾತಿಗಳಿಗೆ ತಿಳಿವಳಿಕೆ ಹೇಳಲು ಮುಂದೆ ಬಂದುದು ಈ ಪ್ರಯತ್ನದ ನಿಜವಾದ ಬಲವೆಂದು ನಾವು ಎಣಿಸುತ್ತೇವೆ.

ಆದರೂ ತಾಲೂಕನ್ನು ಅಳತೆಗೋಲಾಗಿ ಹಿಡಿಯುವಲ್ಲಿ ಒಂದು ತೊಡಕಿದೆ. ಮಹಾಲಿಂಗಪುರವನ್ನೇ ನೋಡಬಹುದು. 1948ಕ್ಕೆ ಮೊದಲು ಇದು ಮುಧೋಳ ಸಂಸ್ಥಾನದ ಊರು. ಕೆಲವೇ ಮೈಲಿಗಳಾಚೆಯ ಬನಹಟ್ಟಿ ಜಮಖಂಡಿಯವರದು. ಅದಕ್ಕೆ ತಗಲಿಕೊಂಡ ರಬಕವಿ ಸಾಂಗಲಿಯವರದು. ವಿಲೀನವಾದ ಮೇಲೆ ವಿಜಾಪುರ ಜಿಲ್ಲೆ, 1997ರಿಂದ ಬಾಗಲಕೋಟೆ. ತಾಲೂಕು ಮೊದಲು ಮುಧೋಳ, ಈಚೆಗೆ ರಬಕವಿ-ಬನಹಟ್ಟಿ. ಗೆರೆಗಳು ಇಷ್ಟು ಸಲ ಸರಿದರೂ ಮಗ್ಗ, ನೂಲು, ಸೀರೆ, ಬೆಲ್ಲಗಳ ವ್ಯವಹಾರ ತನ್ನ ಹಳೆಯ ದಾರಿಯಲ್ಲಿಯೇ ನಡೆದಿದೆ. ಮಾತು ಹಬ್ಬುವುದೂ ಆ ದಾರಿಯಲ್ಲಿಯೇ. ಕಚೇರಿಯ ಪಟದಲ್ಲಿ ಕಾಣುವುದು ಗೆರೆ ಮಾತ್ರ. ಸಂತೆಯ ದಿನ ಅದರಲ್ಲಿ ಕಾಣುವುದಿಲ್ಲ.

ಇನ್ನು ಪಟಕ್ಕೆ ಸಿಕ್ಕದ ಜನರೂ ಉಂಟು. ಸಮೀರವಾಡಿಯ ಕಾರ್ಖಾನೆ ಕಬ್ಬು ಅರೆಯತೊಡಗಿದೊಡನೆ ಹೊಲಗಳ ಬದಿಯಲ್ಲಿ ಕಬ್ಬು ಕಡಿಯುವವರ ಗುಡಿಸಲುಗಳೇಳುತ್ತವೆ. ಹಂಗಾಮು ಮುಗಿದರೆ ಅವೂ ಇಲ್ಲ. ಬೇಸಗೆಯಲ್ಲಿ ತಯಾರಿಸಿದ ನಕಾಶೆಯಲ್ಲಿ ಆ ತಾಯಂದಿರಿಗೆ ಸ್ಥಳವೆಲ್ಲಿ? ಲಸಿಕೆಯ ಸುದ್ದಿ ಅತ್ಯಂತ ಅಗತ್ಯವಾದವರು ಅವರೇ.

ಹೆಚ್ಚು ಗಂಭೀರವಾದ ಆಕ್ಷೇಪ ಮತ್ತೊಂದಿದೆ. ನಗರದ ಪಟದಲ್ಲಿ ಒಂದು ಚುಕ್ಕೆ ಎಂದರೆ ಒಂದು ಬೀದಿ. ನೂರು ಮನೆಯ ಹಳ್ಳಿಯಲ್ಲಿ ಅದೇ ಚುಕ್ಕೆ ಒಂದು ಮನೆ, ಕೆಲವೊಮ್ಮೆ ಒಬ್ಬ ಹೆಂಗಸು. ದೇವದಾಸಿಯಾಗಿ ಬಿಡುವುದನ್ನು 1982ರ ಕಾಯಿದೆ ನಿಷೇಧಿಸಿದೆ. ಆ ಹೆಸರಿಗೆ ಅಂಟಿಕೊಂಡ ಅವಮಾನವನ್ನು ಯಾವ ಕಾಯಿದೆಯೂ ಅಳಿಸಿಲ್ಲ. ಇಂದು ಉಪಗ್ರಹದ ನೆರವಿನಿಂದ ಮನೆಯ ಬಾಗಿಲನ್ನೇ ಗುರುತಿಸಬಹುದಾದ ಕಾರಣ ಅಪಾಯ ಕಡಿಮೆಯಾಗಿಲ್ಲ, ಹೆಚ್ಚಿದೆ. ಆದುದರಿಂದ ಸೇವೆಯ ಸ್ಥಾನಗಳನ್ನು, ಎಂದರೆ ಆಸ್ಪತ್ರೆ, ಬಸ್ ನಿಲ್ದಾಣ, ಸಂತೆ, ಮಗ್ಗದ ಓಣಿಗಳನ್ನು, ತೋರಿಸುವ ಪಟ ಎಲ್ಲರ ಕಣ್ಣಿಗೂ ಬೀಳಲಿ. ರೋಗಿಗಳ ಸ್ಥಾನ ತೋರಿಸುವ ಪಟ ಬೇರೆಯೇ ಇರಲಿ. ಅದನ್ನು ಯಾರು ಇಟ್ಟುಕೊಳ್ಳಬೇಕು, ಎಷ್ಟು ಕಾಲ ಇಟ್ಟು ಯಾವಾಗ ನಾಶಮಾಡಬೇಕು ಎಂಬುದನ್ನು, ಚುಕ್ಕೆಯಾಗಲಿರುವವರನ್ನೇ ಕೂರಿಸಿಕೊಂಡು, ಮೊದಲ ಗೆರೆ ಎಳೆಯುವ ಮುನ್ನವೇ ನಿಶ್ಚಯಿಸತಕ್ಕದ್ದು.