ಕೋವಿಯ ಪೀಠಬಂಧವೂ ಲಾವಣಿಯ ಪ್ರಾಮಾಣ್ಯವೂ

ಕ್ರಿ. ಶ. ೧೮೨೪ನೆಯ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆಯು ಕಿತ್ತೂರಿನ ಕಾಳಗದಲ್ಲಿ ಮಡಿದನು. ಅವನನ್ನು ಕೆಡಹಿದ ಗುಂಡನ್ನು ನಾಡಿನ ಪರಂಪರೆಯು ಅಮಟೂರ ಬಾಳಪ್ಪನ ಹೆಸರಿಗೆ ಸಲ್ಲಿಸುತ್ತದೆ. ಸಂಗೊಳ್ಳಿ, ಅಮಟೂರುಗಳೆರಡೂ ಬೈಲಹೊಂಗಲದ ಸೀಮೆಯ ಊರುಗಳು. ರಾಯಣ್ಣನ ಕಥೆ ನಡೆಯುವೆಡೆಯಲ್ಲಿ ಬಾಳಪ್ಪನ ನೆನಪೂ ಒಡನೆ ಬರುವುದು. ಈ ಗುಂಡಿನ ವಿಚಾರದಲ್ಲಿ ಎರಡು ಬಗೆಯ ವಾದಗಳಿಗೆ ಎಡೆಯುಂಟು. ಗುಂಡು ತಾಗಿತಾದುದರಿಂದ ಕೋವಿಯೂ ಕೈಯೂ ಗುರಿ ತಪ್ಪದವೆಂಬುದು ಒಂದು. ಆ ಕಾಲದ ಕೋವಿಯ ಗುಂಡು ತಾಗುವುದೇ ಆಕಸ್ಮಿಕವಾದುದರಿಂದ ಪರಂಪರೆಯ ಮಾತು ಬರಿಯ ಅಲಂಕಾರವೆಂಬುದು ಇನ್ನೊಂದು. ಎರಡು ವಾದಗಳೂ ಒಂದೇ ಗುಂಡಿನಿಂದ ಕೋವಿಯ ಗುಣವನ್ನು ನಿರ್ಣಯಿಸಲು ಹೊರಟಿವೆ. ಅದು ಸಾಧ್ಯವೇ ಎಂಬುದನ್ನು ಮೊದಲು ಕೋವಿಯ ರಚನೆಯಿಂದಲೇ ವಿಚಾರಿಸಬೇಕು.

ಆ ಕಾಲದ ನಾಡಬಂದೂಕಿನಲ್ಲಿ ಕಬ್ಬಿಣದ ನಳಿಗೆಯನ್ನು ಮರದ ಮೇಲಿಟ್ಟು ತೊಗಲಿನ ಇಲ್ಲವೆ ಲೋಹದ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಕಂಪನಿಯ ಸಿಪಾಯಿಗಳ ಬಂದೂಕಿನಲ್ಲಿ ೩೯ ಅಂಗುಲದ ನಳಿಗೆಯು ಮರದೊಳಗೆ ಹಾಯ್ದ ಸಣ್ಣ ಮೊಳೆಗಳಿಂದ ನಿಲ್ಲುತ್ತಿದ್ದಿತು. ಎರಡರಲ್ಲಿಯೂ ನಳಿಗೆಯ ಒಳಮೈ ನುಣುಪು. ಮದ್ದಿನ ಮಸಿ ಕಟ್ಟಿದ ಮೇಲೆಯೂ ಗುಂಡು ಒಳಗಿಳಿಯಬೇಕಾದುದರಿಂದ ಅದನ್ನು ನಳಿಗೆಗಿಂತ ಕಿರಿದಾಗಿಯೇ ಎರೆಯುತ್ತಿದ್ದರು; ಕಂಪನಿಯ ಬಂದೂಕಿನಲ್ಲಿ ಈ ಅಂತರವು ಸುಮಾರು ೦.೦೫ ಅಂಗುಲ. ಗುಂಡು ನಳಿಗೆಯೊಳಗೆ ಅತ್ತಿತ್ತ ತಾಗುತ್ತ ಸಾಗಿ, ಕೊನೆಯಲ್ಲಿ ಯಾವ ಪಕ್ಕಕ್ಕೆ ತಾಗಿತೋ ಅದಕ್ಕೆ ತಕ್ಕಂತೆ ಹೊರಬೀಳುವುದು. ಸಿಪಾಯಿಯ ಬಂದೂಕು ೮೦ ಗಜಗಳಲ್ಲಿ ಮನುಷ್ಯನನ್ನು ಮುಟ್ಟೀತು, ೧೫೦ ಗಜಗಳಲ್ಲಿ ಗಾಯಗೊಂಡವನು ದುರದೃಷ್ಟಶಾಲಿಯೇ ಸರಿ ಎಂಬರ್ಥದಲ್ಲಿ ಕರ್ನಲ್ ಜಾರ್ಜ್ ಹ್ಯಾಂಗರನು ೧೮೧೪ರಲ್ಲಿ ಬರೆದನು. ಇಂತಹ ಕೋವಿಯಲ್ಲಿ ನಳಿಗೆಯು ಮರದ ಮೇಲೆ ಎಷ್ಟು ಚೆನ್ನಾಗಿ ಕುಳಿತರೂ ಫಲವು ಅಲ್ಪ. ಸಡಿಲ ಗುಂಡಿನ ದೋಷವು ಪೀಠದ ಗುಣವನ್ನು ನುಂಗಿಬಿಡುವುದು.

ಒಳಮೈಯಲ್ಲಿ ಸುರುಳಿಗೆರೆಗಳನ್ನು ಕೊರೆದ ರೈಫಲಿನ ಸ್ಥಿತಿ ಬೇರೆ. ಅಲ್ಲಿ ಗುಂಡು ನಳಿಗೆಯನ್ನು ಬಿಗಿಯಾಗಿ ಕಚ್ಚಿ ತಿರುಗುತ್ತ ಹೋಗುವುದರಿಂದ ಉಳಿದ ಸಣ್ಣ ದೋಷಗಳು ಕಣ್ಣಿಗೆ ಬೀಳತೊಡಗುವುವು. ಅವುಗಳಲ್ಲಿ ಮುಖ್ಯವಾದುದು ಪೀಠಬಂಧ. ಎಂದರೆ ತೋಟೆಯನ್ನು ಒಳಗಿರಿಸಿ ಮುಚ್ಚುವ ಉಕ್ಕಿನ ಭಾಗವು—ಆಕ್ಷನ್ ಎಂದು ಅದರ ಹೆಸರು—ತನ್ನ ಆಧಾರದ ಮೇಲೆ ಕೂರುವ ರೀತಿ. ಮರವು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದು. ಪ್ರತಿ ಹೊಡೆತದ ಹಿನ್ನೂಕಿಗೂ ಆಕ್ಷನ್ ಕೂದಲೆಳೆಯಷ್ಟು ಸರಿದು ಬೇರೊಂದು ತಾವಿನಲ್ಲಿ ನಿಂತರೆ ಮುಂದಿನ ಗುಂಡು ಬೇರೊಂದು ಕಡೆಗೆ ಹೋಗುವುದು. ಲೀ ಎನ್‌ಫೀಲ್ಡ್ ರೈಫಲಿನಲ್ಲಿ ಹಿನ್ನೂಕನ್ನು ತಾಳುವುದು ಮರದ ಎರಡು ಸಣ್ಣ ಮುಖಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ತಮ್ಮ ನಾಡಿನ ಮೆದುಮರ ಜಜ್ಜಿಹೋಗದಂತೆ ಅಲ್ಲಿ ತಾಮ್ರದ ತುಂಡುಗಳನ್ನು ಕೂರಿಸಿದರು. ಬಂಗಾಳದ ಇಶಾಪುರದಲ್ಲಿ ಮರ ಸೀಳದಂತೆ ಅಡ್ಡವಾಗಿ ತಿರುಪನ್ನು ಹಾಯಿಸಿದರು.

ಈಚಿನವರು ಮರದ ಗುಳಿಯಲ್ಲಿ ಎಪಾಕ್ಸಿ ಅಂಟನ್ನು ತುಂಬಿ, ಆಕ್ಷನ್ನಿನ ಅಚ್ಚು ಅದರಲ್ಲಿ ಮೂಡಿ ಗಟ್ಟಿಯಾಗುವಂತೆ ಮಾಡುವರು. ಅಥವಾ ಮರವನ್ನೇ ಬಿಟ್ಟು ಅಲ್ಯೂಮಿನಿಯಮ್ಮಿನಲ್ಲಿ ಕಡೆದ ಚಾಸಿಯ ಮೇಲೆ ಆಕ್ಷನ್ನನ್ನು ತಿರುಪುಗಳಿಂದ ಬಿಗಿಯುವರು. ಚಾಸಿಯಲ್ಲಿಯೂ ಅಂಟಿನ ಪೀಠ ಬೇಕೇ ಎಂಬುದು ಚರ್ಚಾಸ್ಪದ. ಲೋಹವು ತೇವಕ್ಕೆ ಉಬ್ಬುವುದಿಲ್ಲ. ಆಕ್ಷನ್ನೂ ಚಾಸಿಯೂ ಒಂದಕ್ಕೊಂದು ಸರಿಯಾಗಿ ಹೊಂದಿದ್ದರೆ ಅಂಟಿನಿಂದ ಆಗುವ ಲಾಭ ಬಹು ಸ್ವಲ್ಪ. ಹೊಂದದೆ, ತಿರುಪು ಬಿಗಿದಾಗ ಆಕ್ಷನ್ ಬಾಗುವಂತಿದ್ದರೆ ಮಾತ್ರ ತೆಳ್ಳನೆಯ ಅಂಟಿನ ಪದರದಿಂದ ಪ್ರಯೋಜನವುಂಟು. ಚೆನ್ನಾಗಿ ಕೂರಿಸಿದ ಮರವನ್ನೂ ಈ ಕಾರಣದಿಂದಲೇ ಹೀನವೆನ್ನಲಾಗದು.

ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ಪೀಠಬಂಧವು ಗುಂಡುಗಳನ್ನು ಒಂದೆಡೆ ಗುಂಪುಗೂಡಿಸುವುದೇ ಹೊರತು ಆ ಗುಂಪನ್ನು ಗುರಿಯ ಮೇಲೆ ತಂದಿರಿಸದು. ಅದು ಗುರಿನೋಟವನ್ನು ತಿದ್ದುವ ಕೆಲಸ. ಗುಂಪು ಬಲು ಕಿರಿದಾಗಿದ್ದರೂ ಗುರಿಯಿಂದ ಒಂದು ಮೊಳ ದೂರವಿರಬಹುದು. ಒಂದೇ ರೈಫಲಿನಿಂದ, ಒಂದೇ ಬಗೆಯ ತೋಟೆಗಳಿಂದ, ಐದೈದು ಗುಂಡುಗಳ ಹಲವು ಗುಂಪುಗಳನ್ನು ಹೊಡೆದು ಹೋಲಿಸಿದಲ್ಲದೆ ಪೀಠದ ಗುಣ ತಿಳಿಯದು. ಒಂದು ಗುಂಡಿಗೆ ಗುಂಪೇ ಇಲ್ಲ. ಆದುದರಿಂದ ಕಿತ್ತೂರಿನ ಗುಂಡು ಕೋವಿಯನ್ನು ಹೊಗಳುವವರಿಗೂ ಪರಂಪರೆಯನ್ನು ಹಳಿವವರಿಗೂ ಸಾಕ್ಷಿಯಾಗಲಾರದು.

ಲಾವಣಿಯ ಪ್ರಾಮಾಣ್ಯವನ್ನು ಎಣಿಸುವಾಗಲೂ ಈ ಭೇದವು ಉಪಯುಕ್ತ. ಪಲ್ಲ, ಚಾಲ, ಏರು, ಇಳವುಗಳ ಕಟ್ಟು ಮತ್ತು ಪ್ರಾಸದ ಬಿಗಿ ಲಾವಣಿಯ ಪೀಠ. ಅದು ಹೆಸರುಗಳನ್ನೂ ಘಟನೆಗಳ ಅನುಕ್ರಮವನ್ನೂ ಬಾಯಿಂದ ಬಾಯಿಗೆ ಹೆಚ್ಚು ಕದಲದಂತೆ ಹಿಡಿದಿಡುವುದು. ಫ್ಲೀಟ್ ಸಾಹೇಬನು ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿಯ ಬೇಡರ ಪದಗಳನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚುಮಾಡಿಸಿದುದರಿಂದ ಹತ್ತೊಂಬತ್ತನೆಯ ಶತಮಾನದ ಪಾಠವು ಹೋಲಿಕೆಗೆ ದೊರೆಯುತ್ತದೆ. ಆದರೆ ಹಾಡುಗಾರರೆಲ್ಲ ಒಂದನ್ನೇ ಹೇಳಿದರೆಂಬುದು ಹಾಡಿನ ಸ್ಥೈರ್ಯಕ್ಕೆ ಸಾಕ್ಷಿ. ಸಂಗತಿಯ ಸತ್ಯಕ್ಕೆ ಅದೊಂದೇ ಸಾಲದು. ಕೆಟ್ಟ ಪೀಠವೂ ಗುಂಡುಗಳನ್ನೆಲ್ಲ ಒಂದೇ ಪಕ್ಕಕ್ಕೆ ಎಸೆಯಬಹುದಷ್ಟೆ. ಒಂದು ನಾಟಕವನ್ನೋ ಚಲಚ್ಚಿತ್ರವನ್ನೋ ನೋಡಿ ಐವರು ಹೇಳಿದ ಕಥೆಯು ಐದು ಸಾಕ್ಷ್ಯಗಳಲ್ಲ, ಒಂದೇ.

ಗುರಿನೋಟವನ್ನು ತಿದ್ದುವುದು ಇತರ ಆಧಾರಗಳ ಕೆಲಸ. ಚೆನ್ನಮ್ಮ ರಾಣಿಯು ೧೮೨೯ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡುದು, ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಿದುದು—ಇಂತಹ ಕಾಲನಿರ್ದೇಶಗಳಿಗೆ ಲಾವಣಿಯನ್ನು ಸರಿಹೊಂದಿಸಿ ನೋಡಬೇಕು. ಕಾಗದಪತ್ರಗಳನ್ನೂ ಹಾಗೆಯೇ ತಿದ್ದಿಕೊಳ್ಳಬೇಕು. ಅವನ್ನು ಬರೆದವರು ಗೆದ್ದ ಪಕ್ಷದವರು, ಅವರ ನೋಟಕ್ಕೂ ಒಂದು ಓರೆಯುಂಟು. ಥ್ಯಾಕರೆಯ ಮರಣದ ದಿನವನ್ನು ಲಾವಣಿಯಿಂದ ನಿರ್ಣಯಿಸಬೇಕಾಗಿಲ್ಲ. ಊರವರು ಅದನ್ನು ಯಾರ ಸಾಹಸವೆಂದು ಎಣಿಸಿ ಮಕ್ಕಳಿಗೆ ಹೇಳಿದರೆಂಬುದು ಕಾಗದಪತ್ರಗಳಿಂದ ತಿಳಿಯತಕ್ಕ ವಿಷಯವಲ್ಲ. ಕಿತ್ತೂರ ಕಥೆಯನ್ನು ಪಾಠ ಹೇಳುವ ಉಪಾಧ್ಯಾಯರು ಬಾಳಪ್ಪನ ಗುಂಡನ್ನು ಅಳಿಸಿಹಾಕಬೇಕಾಗಿಯೂ ಇಲ್ಲ, ಕೋವಿಯ ಮಹಿಮೆಗೆ ಸಲ್ಲಿಸಬೇಕಾಗಿಯೂ ಇಲ್ಲ. ಅದು ಪರಂಪರೆಯ ಸ್ಥಿರವಾದ ಮಾತೆಂದು ಹೇಳಿ, ಸ್ಥೈರ್ಯವು ಎಷ್ಟರಮಟ್ಟಿಗೆ ಪ್ರಮಾಣವೆಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸಿದರೆ ಲಾವಣಿಗೂ ಇತಿಹಾಸಕ್ಕೂ ನ್ಯಾಯ ದೊರಕೀತು.